ವಾರಿಜಕ್ಕನ ಮಣಿಕಟ್ಟು

18 ಜನವರಿ 2024

ಆರೋಗ್ಯ ಕೇಂದ್ರದಲ್ಲಿ ಮೀಟಿಂಗ್. ಆಶಾ ಕಾರ್ಯಕರ್ತೆಯರ ತಲೆಗೆ ಹೊಸದೊಂದು ಕೆಲಸ ಕಟ್ಟುತ್ತಾರೆಂದು ಹೋಗುವಾಗಲೇ ಗೊತ್ತಿತ್ತು. ಕಟ್ಟಿದರು. ಈ ಸಲ ಸೋಯಾ.

ಮೂಡುಬಿದಿರೆಯಲ್ಲಿ ಒಂದು ಸಂಶೋಧನಾ ಕೇಂದ್ರ ಶುರುವಾಗಿದೆಯಂತೆ. ಅಲ್ಲಿಂದ ಬ್ರಾಹ್ಮಿ ಎಂಬ ಡಾಕ್ಟರಮ್ಮ ಬಂದಿದ್ದರು. ನನ್ನ ಮಗಳಷ್ಟು ವಯಸ್ಸು, ಮಾತು ಮಾತ್ರ ನಿಧಾನ. ಮುಟ್ಟು ನಿಂತ ಮೇಲೆ ಹೆಂಗಸರ ಮೈಯಲ್ಲಿ ಒಂದು ಹಾರ್ಮೋನು ಕಡಿಮೆಯಾಗಿ ಮೂಳೆ ಬೇಗ ಬೇಗ ಸವೆಯುತ್ತದೆ. ಸೋಯಾ ಕಾಳಿನಲ್ಲಿ ಆ ಹಾರ್ಮೋನನ್ನು ಹೋಲುವ ಐಸೋಫ್ಲೇವೋನ್ ಎಂಬ ಸತ್ವ ಇದೆ. ಅದು ಮೂಳೆಯನ್ನು ಕಾಯುತ್ತದೋ ಇಲ್ಲವೋ ಎಂದು ದೊಡ್ಡವರಿಗೇ ಇನ್ನೂ ಖಚಿತವಿಲ್ಲ, ಅದಕ್ಕೇ ಈ ಪರೀಕ್ಷೆ. ಎರಡು ವರ್ಷ ದಿನಕ್ಕೊಂದು ಮಾತ್ರೆ. ಅರ್ಧ ಜನಕ್ಕೆ ಸೋಯಾ, ಅರ್ಧ ಜನಕ್ಕೆ ಬರೇ ಹಿಟ್ಟು. ಯಾರಿಗೆ ಯಾವುದು ಎಂದು ಡಾಕ್ಟರಿಗೂ ಗೊತ್ತಿರುವುದಿಲ್ಲವಂತೆ. ಡಾಕ್ಟರಿಗೇ ಗೊತ್ತಿಲ್ಲದ ಮದ್ದನ್ನು ನಾನು ಮನೆಮನೆಗೆ ಹೋಗಿ ಹೊಗಳಬೇಕು.

ಮಡಂತ್ಯಾರಿನಲ್ಲಿ ನನ್ನ ಪಾಲಿಗೆ ಹನ್ನೆರಡು ಹೆಂಗಸರು. ತಿಂಗಳಿಗೊಮ್ಮೆ ವ್ಯಾನು ಬಂದು ಕೇಂದ್ರಕ್ಕೆ ಕರೆದೊಯ್ದು ಸಂಜೆ ತಂದು ಬಿಡುತ್ತದೆ. ವ್ಯಾನು ಎಂದರೆ ಸಾಕು, ಹನ್ನೆರಡಲ್ಲ, ಇಪ್ಪತ್ತು ಜನ ಬರುತ್ತಾರೆ.

23 ಜನವರಿ

ಮೂರು ದಿನದಿಂದ ಫಾರ್ಮ್ ತುಂಬಿಸುವ ಕೆಲಸ. ಮುಟ್ಟು ನಿಂತದ್ದು ಯಾವ ವರ್ಷ ಎಂದು ಕೇಳಿದರೆ ಒಬ್ಬಳು ‘ಮಗಳ ಮದುವೆಯ ಮರುವರ್ಷ’ ಎನ್ನುತ್ತಾಳೆ, ಇನ್ನೊಬ್ಬಳು ‘ಬಾವಿ ತೋಡಿಸಿದ ವರ್ಷ’. ನಾನೇ ಲೆಕ್ಕ ಹಾಕಿ ಇಸವಿ ಬರೆದೆ.

ಕೊನೆಯ ಫಾರ್ಮ್ ವಾರಿಜಕ್ಕನದು. ನನ್ನ ಸ್ವಂತ ಅಕ್ಕ, ಗೋಡೆಯಾಚೆಯ ಮನೆ. ಭಾವ ತೀರಿ ಒಂಬತ್ತು ವರ್ಷ ಆಯಿತು. ಮಗಳು ಅಕ್ಷಿತಾ ಗಂಡನ ಜೊತೆ ಮೂಡುಬಿದಿರೆಯಲ್ಲಿದ್ದಾಳೆ, ಅಲ್ಲಿನ ಸಹಕಾರಿ ಬ್ಯಾಂಕಿನಲ್ಲಿ ಕೆಲಸ. ಅಕ್ಕ ಬೆಳಗಿನಿಂದ ಸಂಜೆಯವರೆಗೆ ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಸುತ್ತುವುದು, ಶನಿವಾರ ಬೀಡಿ ಬ್ರಾಂಚಿಗೆ ಹೋಗಿ ಕೊಟ್ಟು ಬರುವುದು. ಅಷ್ಟೇ ಅವಳ ತಿರುಗಾಟ.

“ಮೊದಲು ಎಲುಬು ಮುರಿದದ್ದುಂಟಾ ಅಂತ ಕೇಳಿದ್ದಾರೆ” ಎಂದೆ.

“ಮುರಿದಿದ್ದರೆ ಎಂತ?”

“ಈ ಮಾತ್ರೆ ಇಲ್ಲ. ದೊಡ್ಡ ಆಸ್ಪತ್ರೆಗೆ ಕಳಿಸಿ ಬೇರೆ ಮದ್ದು ಕೊಡಿಸ್ತಾರಂತೆ.”

“ವ್ಯಾನು?”

“ವ್ಯಾನೂ ಇಲ್ಲ.”

ಅಕ್ಕನ ಕೈ ನಿಂತಿತು. “ನನ್ನದು ಉಳುಕು ಅಲ್ಲವಾ ಸ್ವರ್ಣ. ರುಕ್ಮಯ್ಯ ಪಂಡಿತರು ಕಟ್ಟಿದರು, ಸರಿಯಾಯ್ತು. ಎಕ್ಸ್‌ರೇ ಉಂಟಾ? ಇಲ್ಲ. ಮತ್ತೆ ಮುರಿದದ್ದು ಅಂತ ಯಾರು ಹೇಳುವುದು?”

ಹೋದ ಜುಲೈಯಲ್ಲಿ ಅಂಗಳದಲ್ಲಿ ಜಾರಿ ಬಲಗೈ ಊರಿ ಬಿದ್ದಿದ್ದಳು. ಪಂಡಿತರು ಸೊಪ್ಪು ಅರೆದು ಹಚ್ಚಿ, ಬಿದಿರಿನ ಪಟ್ಟಿ ಇಟ್ಟು ಬಟ್ಟೆ ಸುತ್ತಿದ್ದರು. ಮೂರು ತಿಂಗಳು ಬೀಡಿ ಸುತ್ತಲು ಆಗಲಿಲ್ಲ. ಅಕ್ಷಿತಾಳಿಗೆ ಹೇಳಬಾರದೆಂದು ನನ್ನಿಂದ ಆಣೆ ಮಾಡಿಸಿದ್ದಳು, ಹೇಳಿದರೆ ಹಸಿ ಬಾಣಂತಿ ಓಡಿ ಬರುತ್ತಾಳೆಂದು. ಆಗ ಅವಳಿಗೆ ಮಗು ಹುಟ್ಟಿ ಹದಿನೈದು ದಿನ, ಗಂಡನ ಮನೆಯಲ್ಲೇ ಬಾಣಂತನ. ಮಣಿಕಟ್ಟು ಈಗಲೂ ತುಸು ಸೊಟ್ಟ. ಆದರೆ ಅಕ್ಕ ಹೇಳಿದ್ದರಲ್ಲಿ ತಪ್ಪೇನಿಲ್ಲ. ನಮ್ಮೂರಿನಲ್ಲಿ ಪ್ಲಾಸ್ಟರ್ ಹಾಕಿದರೆ ಮುರಿದದ್ದು, ಸೊಪ್ಪು ಕಟ್ಟಿದರೆ ಉಳುಕಿದ್ದು. ಎಲ್ಲರೂ ಹಾಗೆಯೇ ಹೇಳುವುದು.

‘ಇಲ್ಲ’ ಎಂದು ಬರೆದೆ. ಅಕ್ಕ ಬೆಲ್ಲ ಹಾಕಿ ಚಹಾ ಮಾಡಿಕೊಟ್ಟಳು.

6 ಫೆಬ್ರವರಿ

ಮೊದಲ ಪ್ರಯಾಣ. ಡ್ರೈವರ್ ಅಬ್ದುಲ್ ಶುಕೂರ್ ಹೇಳಿದ ಸಮಯಕ್ಕಿಂತ ಅರ್ಧ ಗಂಟೆ ಮೊದಲೇ ಅಕ್ಕ ರಸ್ತೆ ಬದಿಯಲ್ಲಿ ಹಾಜರು. ತಲೆಗೆ ಅಬ್ಬಲಿಗೆ ಹೂವು, ಮದುವೆಗೆ ಉಡುವ ಸೀರೆ. “ಎಂತ ಅಕ್ಕ, ಹುಡುಗ ನೋಡ್ಲಿಕ್ಕೆ ಬರ್ತಾನಾ?” ಎಂದು ಕೇಳಿದೆ. “ನೀನು ಸುಮ್ಮನಿರು ಮಾರಾಯ್ತಿ” ಎಂದು ಮುಂದಿನ ಕಿಟಕಿಯ ಸೀಟು ಹಿಡಿದಳು. ವೇಣೂರು ದಾಟುವವರೆಗೂ ಆ ಕಡೆಯಿಂದ ಮುಖ ತಿರುಗಿಸಲಿಲ್ಲ.

ಕೇಂದ್ರದಲ್ಲಿ ಮಲಗಿಸಿ ಮೂಳೆಯ ಸ್ಕ್ಯಾನ್ ಮಾಡಿದರು. ಬ್ರಾಹ್ಮಿ ಡಾಕ್ಟರು ಕಾಗದ ನೋಡಿ, “ಮೂಳೆ ಸವೆದಿದೆ ಅಮ್ಮ. ಆದರೆ ಮದ್ದು ಶುರು ಮಾಡುವಷ್ಟು ಇಲ್ಲ, ಸಂಶೋಧನೆಗೆ ತೆಗೊಳ್ಳಬಹುದು. ಬಿದ್ದು ಮುರಿದದ್ದು ಏನೂ ಇಲ್ಲ ಅಲ್ಲವಾ?” ಎಂದು ಮತ್ತೊಮ್ಮೆ ಕೇಳಿದರು. ಅಕ್ಕ ನನ್ನ ಮುಖ ನೋಡಿದಳು.

“ಇಲ್ಲ ಡಾಕ್ಟ್ರೆ” ಎಂದು ನಾನೇ ಹೇಳಿದೆ.

ಬರುವಾಗ ಹೋಟೆಲಿನಲ್ಲಿ ನಿಲ್ಲಿಸಿ ಬನ್ಸು, ಚಹಾ. ಹನ್ನೆರಡು ಹೆಂಗಸರ ಗದ್ದಲಕ್ಕೆ ಹೋಟೆಲಿನವರು ಮದುವೆ ದಿಬ್ಬಣವೆಂದು ತಿಳಿದಿರಬೇಕು.

3 ಸೆಪ್ಟೆಂಬರ್

ವ್ಯಾನಿನಲ್ಲಿ ಈಗ ಒಂದೇ ಚರ್ಚೆ, ಯಾರದು ಅಸಲಿ, ಯಾರದು ಹಿಟ್ಟು. ಅಕ್ಕನದು ಅಸಲಿಯಂತೆ, ಅವಳೇ ತೀರ್ಮಾನ ಮಾಡಿದ್ದಾಳೆ. ಗಂಟು ಹಿಡಿದ ಬೆರಳು ಸಡಿಲವಾಗಿದೆಯಂತೆ, ನಿದ್ದೆ ಬರುತ್ತದಂತೆ. ನಿದ್ದೆ ಬರುವುದು ನಕ್ಕದ್ದಕ್ಕೆ ಎಂದು ನನ್ನ ಅಂದಾಜು. ನಾಲ್ಕು ಜನರ ಜೊತೆ ಕೂತು ಅವಳು ಇಷ್ಟು ನಗುವುದನ್ನು ನಾನು ಕಂಡು ಎಷ್ಟು ವರ್ಷ ಆಗಿತ್ತೋ.

ಬೆನ್ನು ನೋವು ಎನ್ನುತ್ತಾಳೆ. ವ್ಯಾನಿನಲ್ಲಿ ಕುಲುಕಿದ್ದಕ್ಕೆ ಇರಬಹುದು. ಡಾಕ್ಟರಿಗೆ ಹೇಳುವ ಎಂದರೆ, “ಬೇಡ, ಮತ್ತೆ ಪರೀಕ್ಷೆ ಗಿರೀಕ್ಷೆ ಅಂತ ಶುರು ಮಾಡ್ತಾರೆ” ಎಂದಳು. ನಾನೂ ಹೇಳಲಿಲ್ಲ.

12 ಜೂನ್ 2025

ಅಕ್ಕ ಬಿದ್ದಳು. ನಿನ್ನೆ ಮಧ್ಯಾಹ್ನ.

ಜಾರಿದ್ದಲ್ಲ, ಎಡವಿದ್ದೂ ಅಲ್ಲ. ಕೈಗೆ ಎಣ್ಣೆ ಹಚ್ಚಿಕೊಂಡು ಮಣೆಯ ಮೇಲೆ ಕೂತು ಹಲಸಿನ ಹಣ್ಣು ಬಿಡಿಸುತ್ತಿದ್ದಳು. ತೊಳೆಗೆ ಪಾತ್ರೆ ತರುತ್ತೇನೆ ಎಂದು ಎದ್ದಳು, ಅಲ್ಲೇ ಕುಸಿದಳು. ನಾನು ಎದುರಿನಲ್ಲೇ ಇದ್ದೆ. ಒಣ ಕಡ್ಡಿ ಮುರಿದ ಹಾಗೆ ಶಬ್ದ ಕೇಳಿಸಿತು. ಅದನ್ನು ಬರೆಯಬಾರದೆಂದಿದ್ದೆ.

ತೊಡೆಯ ಎಲುಬು ಸೊಂಟದ ಹತ್ತಿರ ಮುರಿದಿದೆ. ಶುಕೂರ್ ಅವರ ವ್ಯಾನಿನಲ್ಲೇ ಮಂಗಳೂರಿಗೆ ಸಾಗಿಸಿದೆವು. ಆಪರೇಷನ್ ನಾಳೆ. ಅಲ್ಲಿನ ಚಿಕ್ಕ ಡಾಕ್ಟರು ಸೂಜಿ ಚುಚ್ಚಲು ಅಕ್ಕನ ಬಲಗೈ ಹಿಡಿದವರು ಮಣಿಕಟ್ಟನ್ನು ತಿರುಗಿಸಿ ನೋಡಿ, “ಇದು ಯಾವಾಗ ಮುರಿದದ್ದು?” ಎಂದು ಕೇಳಿದರು. ಅಕ್ಷಿತಾ ಅಲ್ಲೇ ನಿಂತಿದ್ದಳು.

“ಮುರಿದದ್ದಲ್ಲ, ಉಳುಕಿದ್ದು” ಎಂದು ಅಕ್ಕ ನರಳುತ್ತಲೇ ಹೇಳಿದಳು. ಅಂಥ ನೋವಿನಲ್ಲೂ ನನ್ನನ್ನು ಕಾಪಾಡಿದಳು. ನಾನು ಬಾಯಿ ಬಿಡಲಿಲ್ಲ.

20 ಜೂನ್

ಆಪರೇಷನ್ ಸರಿಯಾಗಿದೆ ಎನ್ನುತ್ತಾರೆ. ಎಬ್ಬಿಸಿ ನಿಲ್ಲಿಸಲು ನೋಡಿದರೆ ಅಕ್ಕನಿಗೆ ತಲೆ ತಿರುಗುತ್ತದೆ. ಊಟ ಸೇರುವುದಿಲ್ಲ. ಕೆಮ್ಮು ಶುರುವಾಗಿದೆ.

ಅಕ್ಷಿತಾ ಕ್ಯಾಂಟೀನಿಗೆ ಹೋಗಿದ್ದಾಗ ನನ್ನನ್ನು ಹತ್ತಿರ ಕರೆದಳು.

“ಕೈಯ ಸಂಗತಿ ಅವಳಿಗೆ ಹೇಳ್ಬೇಡ ಸ್ವರ್ಣ. ಹೇಳಿದರೆ ನಿನ್ನ ಹತ್ತಿರ ಮಾತಾಡ್ಲಿಕ್ಕಿಲ್ಲ. ನಾನು ಇಲ್ಲದಿದ್ದರೆ ಅವಳಿಗೆ ತವರು ಅಂತ ಇರುವುದು ನೀನೊಬ್ಬಳೇ.”

“ನೀನು ಎಂತಕ್ಕೆ ಇಲ್ಲದಿರುವುದು? ಮುಂದಿನ ತಿಂಗಳು ವ್ಯಾನಿಗೆ ಬರ್ಲಿಕ್ಕುಂಟು” ಎಂದು ಗದರಿದೆ.

ನಕ್ಕಳು. ನಗುವಾಗ ಕೆಮ್ಮು ಬಂತು.

3 ಜುಲೈ

ಬೆಳಿಗ್ಗೆ ಹನ್ನೊಂದಕ್ಕೆ ಅಕ್ಕ ಹೋದಳು. ನ್ಯುಮೋನಿಯಾ ಎಂದು ಬರೆದುಕೊಟ್ಟಿದ್ದಾರೆ.

19 ಜುಲೈ

ಉತ್ತರಕ್ರಿಯೆ ಮುಗಿದು ನಾಲ್ಕು ದಿನ. ಬಂದವರೆಲ್ಲ ಕಾರಣ ಕೇಳುತ್ತಾರೆ. ಗಿಡ್ಡ ಮಣೆ, ಎಣ್ಣೆಯ ಕೈ, ವಯಸ್ಸು ಎಂದು ಹೇಳುತ್ತೇನೆ. ಆ ಸೋಯಾ ಮಾತ್ರೆಯಿಂದ ಏನೂ ಆಗಲಿಲ್ಲ, ಹಿಟ್ಟು ಕೊಟ್ಟು ಏಮಾರಿಸಿದರು ಎಂದು ಕೂಡ ಒಬ್ಬರ ಹತ್ತಿರ ಹೇಳಿದೆ. ನನ್ನ ಗಂಡ ಸಂಕಪ್ಪ ಕೇಳಿಸಿಕೊಂಡು ಎದ್ದು ಹೊರಗೆ ಹೋದರು. ಇವರಿಗೆ ಎಲ್ಲ ಗೊತ್ತು.

ನನಗೆ ಸಿಟ್ಟು ತಡೆಯಲಾಗಲಿಲ್ಲ. ಇವತ್ತು ರುಕ್ಮಯ್ಯ ಪಂಡಿತರ ಮನೆಗೇ ಹೋದೆ. ನೀವು ಅವತ್ತೇ ಎಲುಬು ಮುರಿದಿದೆ ಎಂದಿದ್ದರೆ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೆ, ಉಳುಕು ಎಂದು ಯಾಕೆ ಹೇಳಿದಿರಿ ಎಂದು ಅಂಗಳದಲ್ಲಿ ನಿಂತೇ ಕೇಳಿದೆ. ಎಂಬತ್ತರ ಮುದುಕ. ಒಳಗಿನಿಂದ ಕುರ್ಚಿ ತರಿಸಿ, ಕೂತುಕೊಳ್ಳಿ ಎಂದರು.

“ನಾನು ಉಳುಕು ಅಂತ ಹೇಳ್ಲಿಲ್ಲ ತಂಗಿ. ಉಳುಕಿಗೆ ಬಿದಿರಿನ ಪಟ್ಟಿ ಯಾರಾದರೂ ಕಟ್ತಾರಾ? ಎರಡು ಕಡೆ ಮುರಿದಿದೆ, ಒಂದು ಸಲ ಫೋಟೋ ತೆಗೆಸಿ ಅಂತ ನಿಮ್ಮ ಹತ್ತಿರವೇ ಹೇಳಿದ್ದೆ. ನೀವು, ಬೇಡ, ಮಗಳಿಗೆ ಗೊತ್ತಾಗ್ತದೆ ಅಂದಿರಿ.”

ಹೇಳಿದ್ದರು. ನೀರು ಕುಡಿದು ಬಂದೆ.

5 ಆಗಸ್ಟ್

ವ್ಯಾನಿನಲ್ಲಿ ಮುಂದಿನ ಕಿಟಕಿಯ ಸೀಟಿನಲ್ಲಿ ಯಾರೂ ಕೂರಲಿಲ್ಲ. ನಿಂತುಕೊಂಡಾದರೂ ಬರುತ್ತೇವೆ ಎಂಬ ಹಾಗೆ ಹಿಂದೆಯೇ ಒತ್ತಿಕೊಂಡು ಕೂತರು. ಶುಕೂರ್ ರೇಡಿಯೋ ಹಾಕಲಿಲ್ಲ.

ಬ್ರಾಹ್ಮಿ ಡಾಕ್ಟರು ನನ್ನನ್ನು ಒಬ್ಬಳನ್ನೇ ಒಳಗೆ ಕರೆದರು. ಸಂಶೋಧನೆಯಲ್ಲಿ ಇದ್ದವರು ತೀರಿಕೊಂಡರೆ ಅವರ ಮಾತ್ರೆ ಯಾವುದೆಂದು ತೆರೆದು ನೋಡುವ ನಿಯಮವಂತೆ.

“ನಿಮ್ಮ ಅಕ್ಕನಿಗೆ ಸಿಕ್ಕಿದ್ದು ನಿಜವಾದ ಸೋಯಾ ಮಾತ್ರೆ. ನಿಮಗೆ ಹೇಳ್ಬೇಕು ಅನಿಸಿತು. ಅವರು ಒಂದು ದಿನವೂ ತಪ್ಪಿಸ್ಲಿಲ್ಲ. ನೀವೂ ಅಷ್ಟು ಚೆನ್ನಾಗಿ ನೋಡಿಕೊಂಡಿದ್ದೀರಿ. ಮೊದಲೇ ಮುರಿದದ್ದು ಇದ್ದಿದ್ದರೆ ನಾವು ಬೇರೆ ದಾರಿ ಹಿಡೀತಿದ್ದೆವು. ಅಂಥದ್ದು ಏನೂ ಇರ್ಲಿಲ್ಲ. ಯಾರ ತಪ್ಪೂ ಅಲ್ಲ ಇದು.”

ಅವರು ನನ್ನ ಕೈ ಮೇಲೆ ಕೈ ಇಟ್ಟಿದ್ದರು. ಆ ಸಮಾಧಾನ ನನಗೆ ಬೇಕಿತ್ತು. ಒಂದು ತಿಂಗಳಿನಿಂದ ಅದಕ್ಕೇ ಬಾಯಿ ಬಿಟ್ಟುಕೊಂಡು ಕೂತಿದ್ದೆ. ಸಿಕ್ಕಿದಾಗ ಕದ್ದ ಹಾಗೆ ಅನಿಸಿತು.

“ಇತ್ತು ಡಾಕ್ಟ್ರೆ. ನಿಮ್ಮ ಫಾರ್ಮ್ ಬರೆಯುವ ಆರು ತಿಂಗಳ ಮೊದಲು ಅಕ್ಕನ ಕೈ ಮುರಿದಿತ್ತು. ಪಂಡಿತರು ಕಟ್ಟಿದ್ದು. ನಾನು ‘ಇಲ್ಲ’ ಬರೆದೆ.”

ಅವರು ಕೈ ತೆಗೆಯಲಿಲ್ಲ. ಯಾಕೆ ಎಂದು ಕೇಳಿದರು. ವ್ಯಾನಿಗಾಗಿ ಎಂದು ಹೇಳುವಾಗ ನನಗೇ ನಾಚಿಕೆಯಾಯಿತು. ಒಬ್ಬಳ ಜೀವ ಹೋದದ್ದಕ್ಕೆ ಇಷ್ಟು ಸಣ್ಣ ಕಾರಣ.

“ಅವತ್ತೇ ಗೊತ್ತಿದ್ದರೆ ಎಂತ ಮಾಡ್ತಿದ್ದಿರಿ?”

“ವಾರಕ್ಕೊಂದು ಮಾತ್ರೆ ಉಂಟು, ಮೂಳೆ ಮುರಿಯುವುದನ್ನು ಕಡಿಮೆ ಮಾಡುವಂಥದ್ದು. ಅದನ್ನು ಶುರು ಮಾಡಿಸ್ತಿದ್ದೆವು.”

“ಅಕ್ಕ ಉಳೀತಿದ್ದಳಾ?”

“ಅದು ಹೇಳ್ಲಿಕ್ಕೆ ಆಗುವುದಿಲ್ಲ ಸ್ವರ್ಣಲತಾ ಅವರೇ. ಸುಳ್ಳು ಹೇಳುವುದಿಲ್ಲ ನಾನು. ಉಳಿಯುವ ಸಾಧ್ಯತೆ ಹೆಚ್ಚಿತ್ತು, ಅಷ್ಟೇ.”

ಇನ್ನು ಅಕ್ಕನ ಮಾಹಿತಿಯನ್ನು ಸಂಶೋಧನೆಯಿಂದ ತೆಗೆಯಬೇಕಾಗಬಹುದಂತೆ, ಮೇಲಿನವರಿಗೆ ಬರೆದು ಕೇಳುತ್ತಾರೆ. ಹದಿನಾರು ತಿಂಗಳು ಒಂದು ದಿನವೂ ತಪ್ಪಿಸದೆ ನುಂಗಿದ ಮಾತ್ರೆ, ಕೊಟ್ಟ ರಕ್ತ, ಮಲಗಿದ ಸ್ಕ್ಯಾನು, ಎಲ್ಲ ಹೊಡೆದುಹಾಕುತ್ತಾರೆ. ಹೊರಗೆ ಹಾಕಬಾರದೆಂದು ಬರೆದ ಒಂದು ಪದದಿಂದ ಸತ್ತ ಮೇಲೂ ಅವಳನ್ನು ಹೊರಗೆ ಹಾಕಿಸಿದೆ.

ನನ್ನ ಕೆಲಸದ ಬಗ್ಗೆಯೂ ವರದಿ ಹೋಗುತ್ತದೆ. ಹೋಗಲಿ.

14 ಆಗಸ್ಟ್

ಅಕ್ಕ ಹೇಳಬೇಡ ಎಂದದ್ದು ಅಕ್ಷಿತಾಳಿಗೊಂದು ತವರು ಉಳಿಯಲೆಂದು. ಸುಳ್ಳಿನ ಮೇಲೆ ಉಳಿಸಿದ ತವರಿಗೆ ಬಂದು ಅವಳು ಹೇಗೆ ಉಣ್ಣುವುದು? ಒಂಬತ್ತು ದಿನ ಇದನ್ನೇ ಯೋಚಿಸಿದೆ. ಇವತ್ತು ಮೂಡುಬಿದಿರೆಗೆ ಹೋದೆ. ಅವಳ ಊಟದ ಹೊತ್ತು. ಬ್ಯಾಂಕಿನ ಹಿಂದೆ ಸ್ಕೂಟರ್ ನಿಲ್ಲಿಸುವಲ್ಲಿ ನಿಂತು ಎಲ್ಲ ಹೇಳಿದೆ. ಜಾರಿದ್ದು, ಮುರಿದ ಕೈ, ಪಂಡಿತರು ಹೇಳಿದ್ದು, ಫಾರ್ಮು, ಅದರಿಂದ ಅಕ್ಕನಿಗೆ ಸಿಗದೆ ಹೋದ ವಾರದ ಮಾತ್ರೆ, ಆಸ್ಪತ್ರೆಯಲ್ಲಿ ನಾನು ಬಾಯಿ ಮುಚ್ಚಿಕೊಂಡದ್ದು. ಅವಳು ಡಬ್ಬಿ ಬಿಚ್ಚಿರಲಿಲ್ಲ. ಕೊನೆಯವರೆಗೂ ಅದನ್ನು ಹಿಡಿದುಕೊಂಡೇ ನಿಂತಿದ್ದಳು.

“ನೋವಿತ್ತಾ ಅಮ್ಮನಿಗೆ? ಆ ಕೈ?”

“ಇತ್ತು. ಮೂರು ತಿಂಗಳು ತಲೆ ಬಾಚ್ಲಿಕ್ಕೆ ಆಗ್ತಿರ್ಲಿಲ್ಲ. ನಾನು ಬಾಚ್ತಿದ್ದೆ.”

“ನಾನು ದಿನಾ ಫೋನ್ ಮಾಡ್ತಿದ್ದೆ ಚಿಕ್ಕಮ್ಮ. ಊಟ ಆಯ್ತಾ, ಆರಾಮ ಇದ್ದೀಯಾ ಅಂತ. ಆರಾಮ ಅಂತಿದ್ದಳು. ಮಗುವಿಗೆ ಹಾಡು ಹೇಳ್ತಿದ್ದಳು ಫೋನಲ್ಲಿ.”

ಅವಳು ಅಳತೊಡಗಿದಳು. ಬೆನ್ನಿಗೆ ಕೈ ಹಾಕಲು ಹೋದೆ, ಒಂದು ಹೆಜ್ಜೆ ಹಿಂದೆ ಸರಿದಳು.

“ನನಗೆ ಸ್ವಲ್ಪ ಸಮಯ ನಿಮ್ಮ ಮುಖ ನೋಡ್ಲಿಕ್ಕೆ ಆಗ್ಲಿಕ್ಕಿಲ್ಲ ಚಿಕ್ಕಮ್ಮ. ಮನೆಗೆ ಬರ್ಬೇಡಿ. ಚೌತಿಗೂ ಬೇಡ.”

ಆಯ್ತು ಮಗಾ ಎಂದೆ. ಬಸ್ಸಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಅಕ್ಕ ಸತ್ತ ದಿನವೂ ಹೀಗೆ ಅತ್ತಿರಲಿಲ್ಲ. ಅವತ್ತು ಅಳಲು ನನಗೆ ಹೆದರಿಕೆ ಇತ್ತು.

27 ಆಗಸ್ಟ್

ಚೌತಿ. ಇವರು ಕಡುಬು ಕೇಳಲಿಲ್ಲ, ನಾನು ಮಾಡಲಿಲ್ಲ.

7 ಸೆಪ್ಟೆಂಬರ್

ವರದಿ ಹೋದರೂ ಕೆಲಸದಿಂದ ತೆಗೆದಿಲ್ಲ, ನೋಟೀಸು ಮಾತ್ರ ಬಂದಿದೆ. ಮನೆ ಭೇಟಿಗೆ ಹೋಗುತ್ತಿದ್ದೇನೆ. ಇವತ್ತು ಒಂದು ಮನೆಯಲ್ಲಿ, “ಸ್ವರ್ಣಕ್ಕ ಈಗ ಕೈ ನೋಡಿ ಭವಿಷ್ಯ ಹೇಳ್ತಾರಾ? ಬಂದವರೇ ಎಲ್ಲರ ಕೈ ಹಿಡಿದು ತಿರುಗಿಸ್ತಾರೆ” ಎಂದು ನಕ್ಕರು. ನಾನು ಹಾಗೆ ಮಾಡುತ್ತೇನೆಂದು ನನಗೆ ಗೊತ್ತೇ ಇರಲಿಲ್ಲ. ಕಳೆದ ವಾರ ಪಂಡಿತರು ಕಟ್ಟಿದ ಮೂವರು ಸಿಕ್ಕಿದರು. ಇಬ್ಬರನ್ನು ಎಕ್ಸ್‌ರೇಗೆ ಕಳಿಸಿದೆ. ಮೂರನೆಯವಳು ವ್ಯಾನಿನ ಗುಂಪಿನವಳೇ, ತನ್ನ ಹೆಸರು ಹೊಡೆಯಬೇಡಿ ಎಂದು ನನ್ನ ಕಾಲು ಹಿಡಿಯಲು ಬಂದಳು. ಅವಳ ಪಕ್ಕ ಕೂತು ವಾರಿಜಕ್ಕನ ಕತೆ ಇದ್ದದ್ದು ಇದ್ದ ಹಾಗೆ ಹೇಳಿದೆ. ನಾಳೆ ಆಸ್ಪತ್ರೆಗೆ ಬರುತ್ತಾಳೆ.

ಸಂಜೆ ಫೋನು. ಅಕ್ಷಿತಾ ಎಂದು ಕಂಡಿತು, ಎದ್ದು ನಿಂತು ಎತ್ತಿದೆ.

“ನಿಮ್ಮ ಮೂಳೆ ಪರೀಕ್ಷೆ ಮಾಡಿಸಿದ್ದೀರಾ?”

ಊರಿಡೀ ಮಾಡಿಸಿದವಳು ನಾನು, ನನ್ನದು ಮಾಡಿಸಿಲ್ಲ. ಮುಟ್ಟು ನಿಂತು ನಾಲ್ಕು ವರ್ಷ ಆಯಿತು. “ನನಗೆ ಎಂತ ಆಗಿದೆ, ನಾನು ಗಟ್ಟಿ ಇದ್ದೇನೆ...” ಎಂದು ಶುರು ಮಾಡಿದೆ.

“ಅಮ್ಮನೂ ಹೀಗೇ ಹೇಳ್ತಿದ್ದದ್ದು” ಎಂದಳು.

ಆ ಕಡೆ ಮಗು ಏನೋ ಕೇಳುತ್ತಿತ್ತು.

“ಗುರುವಾರ ರಜೆ ಹಾಕಿದ್ದೇನೆ. ಮಂಗಳೂರಿಗೆ ಕರ್ಕೊಂಡು ಹೋಗ್ತೇನೆ. ಮಾತಾಡುವುದಿಲ್ಲ. ಕರ್ಕೊಂಡು ಹೋಗ್ತೇನೆ, ಅಷ್ಟೇ.”

ಆಗಲಿ ಎಂದೆ.

11 ಸೆಪ್ಟೆಂಬರ್

ಮಡಂತ್ಯಾರು ಬಸ್ ನಿಲ್ದಾಣಕ್ಕೆ ಒಂಬತ್ತಕ್ಕೆ ಬಂದಳು. ಸೊರಗಿದ್ದಾಳೆ. ಬಸ್ಸಿನಲ್ಲಿ ನನ್ನ ಪಕ್ಕವೇ ಕೂತಳು, ಮುಖ ಮಾತ್ರ ಕಿಟಕಿಯ ಕಡೆ. ಬಂಟ್ವಾಳ ದಾಟಿತು, ಫರಂಗಿಪೇಟೆ ದಾಟಿತು, ಒಂದು ಮಾತಿಲ್ಲ. ಆಸ್ಪತ್ರೆಯಲ್ಲಿ ಚೀಟಿ ಅವಳೇ ಮಾಡಿಸಿದಳು, ಬೆಂಚಿನ ಮೇಲೆ ಜಾಗ ಹಿಡಿದಳು, ನೀರಿನ ಬಾಟಲಿ ತಂದು ಪಕ್ಕದಲ್ಲಿಟ್ಟಳು.

ಸೊಂಟದ ಮೂಳೆ ಸವೆದಿದೆ ಎಂದರು. ಮದ್ದು ಬರೆದುಕೊಟ್ಟರು, ವಾರಕ್ಕೊಂದು ಮಾತ್ರೆ, ಬರಿ ಹೊಟ್ಟೆಯಲ್ಲಿ. ಅಕ್ಕನಿಗೆ ಸಿಗಬೇಕಾಗಿದ್ದದ್ದು ಇದೇ ಎಂದು ನನಗೂ ಗೊತ್ತಾಯಿತು, ಅವಳಿಗೂ ಗೊತ್ತಾಯಿತು. ಅಕ್ಷಿತಾ ಅದನ್ನು ಯಾವ ದಿನ, ಹೇಗೆ ತೆಗೆದುಕೊಳ್ಳಬೇಕೆಂದು ಎರಡು ಸಲ ಕೇಳಿ ತಿಳಿದುಕೊಂಡಳು.

ವಾಪಸು ಬರುವಾಗಲೂ ಮಾತಾಡಲಿಲ್ಲ. ಮಡಂತ್ಯಾರಿನಲ್ಲಿ ಅವಳು ಮೊದಲು ಇಳಿದಳು. ಬಸ್ಸಿನ ಮೆಟ್ಟಿಲು ಎತ್ತರ ಇತ್ತು, ಕೆಳಗೆ ಮಳೆಯ ಕೆಸರು. ತಿರುಗಿ ನಿಂತು ನನ್ನ ಕೈ ಹಿಡಿದಳು, ಗಟ್ಟಿಯಾಗಿ ಹಿಡಿದಳು. ನಾನು ಇಳಿದ ಮೇಲೆ ಬಿಟ್ಟಳು.